ವಿಷಯ: ವಾಸದ ಬಗ್ಗೆ

ಕೋರ್ಟಿನ ಕಾಂಪೌಂಡಿಗೆ ಆತುಕೊಂಡ ನನ್ನ ಟೈಪಿಂಗ್ ಗೂಡಿಗೆ
ಬೆಳಿಗ್ಗೆ ಹತ್ತೂಕಾಲಿಗೇ ಇಬ್ಬರು ಬಂದರು.
ಒಬ್ಬರು ಅಪೊಲಿನ್ ಬಾಯಿ, ಮೆಗ್ಗಾನ್ ಆಸ್ಪತ್ರೆಯ ನಿವೃತ್ತ ಆಯಾ.
ನನ್ನ ಎರಡನೆಯ ಮಗಳನ್ನು ಮೊದಲು ಎತ್ತಿಕೊಂಡ ಕೈ ಅವರದು
(ಅವರಿಗೆ ನೆನಪಿಲ್ಲ; ನಾನೂ ಎತ್ತಲಿಲ್ಲ ಆ ಮಾತು).
ಇನ್ನೊಬ್ಬಳು ಮರಿವಿಕ್. ಮಸ್ಕತ್ತಿನಲ್ಲಿ ಇವರ ಮಗ ಕಟ್ಟಿಕೊಂಡವಳು.
ಫಿಲಿಪ್ಪೀನ್ಸಿನ ಯಾವುದೋ ದ್ವೀಪದ ಹೆಸರು ಮೂರು ಸಲ ಹೇಳಿದಳು,
ಮೂರು ಸಲವೂ ತಪ್ಪು ಬರೆದೆ.

‘ಇಪ್ಪತ್ತಮೂರಕ್ಕೆ ಮುಗೀತದೆ’ ಅಂದರು ಬಾಯಿ.
ಏನು, ಮಾತ್ರೆಯಾ, ಗ್ಯಾಸಾ ಎಂದು ಕೇಳುವವನಿದ್ದೆ.
‘ಇವಳು ಇಲ್ಲಿ ಇರೂದು.’

ಪ್ಲಾಸ್ಟಿಕ್ ಕವರಿನೊಳಗೆ ಪಾಸ್‌ಪೋರ್ಟು,
ಅದರೊಳಗೆ ಪರ್ಮಿಟ್ಟು,
ಅದರೊಳಗೆ ನಾಲ್ಕು ಮಡಿಕೆಯ ಮದುವೆ ಸರ್ಟಿಫಿಕೇಟು,
ಒಂದರ ಹೊಟ್ಟೆಯಲ್ಲಿ ಒಂದು.
ಎಂಟು ವರ್ಷ ಅವಳು ಈ ಊರಲ್ಲಿದ್ದುದಕ್ಕೆ ಕಾರಣ ಕೇಳುವ ಜಾಗದಲ್ಲಿ
ಒಂದೇ ಪದ, ಪತ್ನಿ.
ಆ ಪದದ ಒಂದು ಕಾಲು ಕಳಚಿ ಏಳು ತಿಂಗಳು.

ಸೈಬರಿನ ಹುಡುಗ ತೋರಿಸಿದ ಅರ್ಜಿಯಲ್ಲಿ ನಾಲ್ಕು ಚೌಕವಂತೆ:
ವಿವಾಹಿತೆ, ಅವಿವಾಹಿತೆ, ವಿಚ್ಛೇದಿತೆ, ವಿಧವೆ.
ಚಪ್ಪಲಿ ಮೆಟ್ಟಿ ಸುಮ್ಮನೆ ಹೊರಟುಹೋದವನ ಹೆಂಡತಿಗೆ ಚೌಕವಿಲ್ಲ.
‘ನನ್ನ ಸೊಸೆ ಅಂತ ಒಂದು ಮಾಡು ಮಾರಾಯಾ’ ಅಂದರಂತೆ ಬಾಯಿ.
ಅವನು ಮೌಸು ಬಿಟ್ಟು ಇಲ್ಲಿಗೆ ಕಳಿಸಿದ.

ಮಗ ಎಸ್ಪಿ ಆಫೀಸಿಗೆ ಕೊಟ್ಟ ಕಾಗದದ ನಕಲು ಮುಂದಿಟ್ಟರು.
ನಾಲ್ಕು ಸಾಲು.
‘ಆದಕಾರಣ’ ಎಂಬಲ್ಲಿ ಕಣ್ಣು ಎಡವಿತು.
ಈ ರಸ್ತೆಯಲ್ಲಿ ಉಳಿದವರೆಲ್ಲ ‘ಆದ್ದರಿಂದ’ ಹಾಕುತ್ತಾರೆ.
ಆದಕಾರಣ ನನ್ನದು.

ನೀಲಿ ಹೆಲ್ಮೆಟ್ಟು. ಚಿಲ್ಲರೆ ಬೇಡ ಎಂದು ಹೋದ ಗಿರಾಕಿ.
‘ಅವಳಿಗೂ ನನಗೂ ಸಂಬಂಧ ಇಲ್ಲ ಅಂತ ಬರೀರಿ’ ಎಂದದ್ದನ್ನು
‘ಸದರಿಯವರ ವಾಸಕ್ಕೆ ಇನ್ನು ಮುಂದೆ ನಾನು ಹೊಣೆಯಲ್ಲ’ ಎಂದು
ಉಜ್ಜಿ ನಯ ಮಾಡಿದವನು ನಾನು.
ಅರವತ್ತು ರೂಪಾಯಿ.

ಹೇಳಲಿಲ್ಲ.
ಫ್ಯಾನು ಅವರ ಕಡೆ ತಿರುಗಿಸಿದೆ.

‘ಬರಿ. ಮೊಮ್ಮಗಳು ಎರಡನೇ ಕ್ಲಾಸು. ಅವಳ ಪಾಸ್‌ಪೋರ್ಟಿನ ಬಣ್ಣ ಬೇರೆ,
ಇವಳದ್ದು ಬೇರೆ, ಅದಕ್ಕೆ ಮಗು ಎಂತ ಮಾಡ್ತದೆ?
ನನ್ನ ಪೆನ್ಶನ್ ಬರಿ. ಮನೆ ನನ್ನ ಹೆಸರಲ್ಲಿ ಉಂಟು, ಬರಿ.
ಇವಳ ಅನ್ನಕ್ಕೆ ಸರಕಾರ ಹೆದರೂದು ಬೇಡ.’
ಮಗನ ಮೇಲೆ ಏನಾದರೂ ಹಾಕಲಾ ಎಂದೆ.
‘ಅವನದ್ದು ನಾನು ಬೇರೆ ಕಡೆ ಹೇಳಿಕೊಳ್ತೇನೆ’
ಎಂದು ಮೇಲೆ ನೋಡಿದರು.
ಮೇಲೆ ನನ್ನ ತಗಡು.

ಮರಿವಿಕ್ ಪರದೆಯ ಅಕ್ಷರಗಳನ್ನು ಮಗಳ ಪಠ್ಯಪುಸ್ತಕದ ಹಾಗೆ
ಬೆರಳಿಟ್ಟು ಕೂಡಿಸಿ ಓದುತ್ತಿದ್ದಳು: ಶಿ-ವ-ಮೊಗ್ಗ... ವಾಸಿ.
‘ವಾಸಿ ಅಂದ್ರೆ ಜ್ವರ ಬಿಟ್ಟದ್ದು ಅಲ್ವಾ?’
ಹೌದಮ್ಮ. ಇರುವವರಿಗೂ ಅದೇ ಪದ.
ನಕ್ಕಳೋ ಏನೋ, ಕರ್ಚೀಫು ಅಡ್ಡ ಇತ್ತು.

ನಾನು ಹೊಸ ಫೈಲು ತೆರೆದಿರಲಿಲ್ಲ. ಅವನದ್ದೇ ಅದು.
‘ಇವರಿಗೆ’ ಅದೇ ಅಧಿಕಾರಿ, ಅದೇ ಮನೆ ನಂಬರು.
‘ಇಂದ’ದಲ್ಲಿ ಮಗನನ್ನು ಅಳಿಸಿ ತಾಯಿಯನ್ನು ಕೂರಿಸಿದ್ದೆ.
ಕೊನೆಯಲ್ಲಿ ಆ ಸಾಲು ಕಾಯುತ್ತಿತ್ತು.
‘ಹೊಣೆಯಲ್ಲ’ದ ಬಾಲದಲ್ಲಿ ಕರ್ಸರು ಮಿಣುಕಿತು.
ಬಾಲ ಒತ್ತಿ ತೆಗೆದೆ. ಹೊಣೆ ಉಳಿಯಿತು.
ಆದಕಾರಣ ಇರಲಿ ಎಂದು ಬಿಟ್ಟೆ.

ಸಿಕ್ಕೀತಾ ಎಂದು ಕೇಳಿದರು. ಅದು ಟೈಪಿಸ್ಟಿಗೆ ಗೊತ್ತಾಗುವುದಿಲ್ಲ.
ಗಂಡಿನ ಸಹಿ ಇರಬೇಕಾದಲ್ಲಿ ಮುದುಕಿಯ ಸಹಿ ನಡೆಯುತ್ತದೋ ಇಲ್ಲವೋ,
ಒಂದು ಝೆರಾಕ್ಸ್ ಹೆಚ್ಚಿಗೆ ಇಟ್ಟುಕೊಳ್ಳಿ ಎಂದೆ.

ಬಾಯಿ ಸೆರಗಿನ ಗಂಟು ಬಿಚ್ಚಿ ಅರವತ್ತು ಎಣಿಸಿ ಕೊಟ್ಟರು.
ತೆಗೆದುಕೊಂಡೆ.
ಬೇಡ ಎಂದಿದ್ದರೆ
ಯಾಕೆ ಎಂದು ಹೇಳಬೇಕಾಗುತ್ತಿತ್ತು.